ಮದುವೆಗೆ ಕಾನೂನು ಕೇಳಿದವರು: ಕೇಶವಚಂದ್ರ ಸೇನರ ಬದುಕು

ಮದುವೆ ಯಾರಿಗೆ ಸೇರಿದ್ದು? ದೇವರಿಗೋ, ಸರಕಾರಕ್ಕೋ? ವಿವಾಹ ತಯಾರಿ ಶಿಬಿರಗಳಲ್ಲಿ ಯುವಕ ಯುವತಿಯರು ಈ ಪ್ರಶ್ನೆಯನ್ನು ನೇರವಾಗಿಯೇ ಕೇಳುವುದುಂಟು. ಇಗರ್ಜಿಯಲ್ಲಿ ಸಂಸ್ಕಾರ ಆದ ಮೇಲೆ ಸರಕಾರದ ಕಾಗದ ಏಕೆ ಎನ್ನುವವರು ಕೆಲವರು. ಕಾಗದ ಇದ್ದ ಮೇಲೆ ಸಂಸ್ಕಾರವಾದರೂ ಏಕೆ ಎನ್ನುವವರು ಇನ್ನು ಕೆಲವರು. ಇದಕ್ಕೆ ಪುಸ್ತಕದ ಉತ್ತರಗಳು ಬೇಕಾದಷ್ಟಿವೆ. ಆದರೆ ಇದೇ ಪ್ರಶ್ನೆಯನ್ನು ಹೊತ್ತು ಬದುಕಿ, ಅದರಿಂದಲೇ ಹೆಸರು ಪಡೆದು, ಅದರಿಂದಲೇ ಹೆಸರು ಕಳೆದುಕೊಂಡ ಒಬ್ಬ ಮನುಷ್ಯನ ಕಥೆ ನಮಗೆ ಹೆಚ್ಚು ಕಲಿಸುತ್ತದೆ ಎಂದು ನಾವು ನಂಬುತ್ತೇವೆ.

ಅವರು ಬಂಗಾಳದ ಕೇಶವಚಂದ್ರ ಸೇನರು. ಬ್ರಹ್ಮ ಸಮಾಜದ ನಾಯಕರೆಂದು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಅವರ ಹೆಸರನ್ನು ನಾವೆಲ್ಲ ಓದಿದ್ದೇವೆ. ನಮ್ಮ ದೇಶದಲ್ಲಿ ಜಾತಿ ಮತಗಳ ಗೋಡೆ ದಾಟಿ ಕಾನೂನಿನ ಪ್ರಕಾರ ಮದುವೆಯಾಗಲು ಮೊದಲ ಬಾಗಿಲು ತೆರೆಸಿದವರಲ್ಲಿ ಅವರೇ ಮುಖ್ಯರು ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ.

ಹುಟ್ಟು ಮತ್ತು ಹುಡುಕಾಟ

ಕೇಶವಚಂದ್ರರು ಹುಟ್ಟಿದ್ದು 1838ರ ನವೆಂಬರ್ 19ರಂದು, ಕಲ್ಕತ್ತೆಯಲ್ಲಿ. ಸೇನರದು ಸಿರಿವಂತ ವೈದ್ಯ ಜಾತಿಯ ಮನೆತನ, ವೈಷ್ಣವ ಸಂಪ್ರದಾಯ. ಅಜ್ಜ ರಾಮಕಮಲ ಸೇನರು ಇಂಗ್ಲಿಷ್-ಬಂಗಾಳಿ ನಿಘಂಟು ರಚಿಸಿದ ವಿದ್ವಾಂಸರು. ತಂದೆ ಪ್ಯಾರಿಮೋಹನರು ಕೇಶವರಿಗೆ ಹತ್ತು ವರ್ಷವಾಗುವಾಗ ತೀರಿಕೊಂಡರು. ತಾಯಿ ಭಕ್ತೆ, ಮನೆಯಲ್ಲಿ ಪೂಜೆ ಪುನಸ್ಕಾರಗಳಿಗೆ ಕೊರತೆ ಇರಲಿಲ್ಲ.

ಹಿಂದೂ ಕಾಲೇಜಿನಲ್ಲಿ ಓದಿದ ಈ ಯುವಕನನ್ನು ಬಾಲ್ಯದಿಂದಲೇ ಒಂದು ತಳಮಳ ಕಾಡುತ್ತಿತ್ತು. ಅವರು ಬೈಬಲ್ ಓದಿದರು, ಪಾದ್ರಿಗಳೊಡನೆ ಚರ್ಚೆ ಮಾಡಿದರು, ಒಬ್ಬರೇ ಕುಳಿತು ಪ್ರಾರ್ಥಿಸುವ ಅಭ್ಯಾಸ ಬೆಳೆಸಿಕೊಂಡರು. 1857ರಲ್ಲಿ ಬ್ರಹ್ಮ ಸಮಾಜ ಸೇರಿದರು. ರಾಜಾ ರಾಮಮೋಹನ ರಾಯರು 1828ರಲ್ಲಿ ಆರಂಭಿಸಿದ ಈ ಸಮಾಜವನ್ನು ಆಗ ನಡೆಸುತ್ತಿದ್ದವರು ರವೀಂದ್ರನಾಥ ಠಾಕೂರರ ತಂದೆ ದೇವೇಂದ್ರನಾಥರು. ವಿಗ್ರಹವಿಲ್ಲದೆ ಒಬ್ಬನೇ ದೇವರನ್ನು ಆರಾಧಿಸಬೇಕು ಎಂಬುದು ಅದರ ಮೂಲ ತತ್ವ.

ಅದಕ್ಕೆ ಒಂದು ವರ್ಷ ಮೊದಲೇ, 1856ರಲ್ಲಿ, ಮನೆಯ ಹಿರಿಯರು ಕೇಶವರ ಮದುವೆ ಮುಗಿಸಿದ್ದರು. ವಧು ಜಗನ್ಮೋಹಿನಿ ಇನ್ನೂ ಆಡಿ ನಲಿಯುವ ವಯಸ್ಸಿನ ಹುಡುಗಿ. ಅಂದಿನ ಬಂಗಾಳದಲ್ಲಿ ಅದು ಸಹಜ. ಹುಡುಗನನ್ನೂ ಕೇಳಲಿಲ್ಲ, ಹುಡುಗಿಯನ್ನೂ ಕೇಳಲಿಲ್ಲ. ಮದುವೆ ಎಂದರೆ ಎರಡು ಮನೆತನಗಳ ನಡುವಿನ ಮಾತು. ಅದಕ್ಕೆ ಶಾಸ್ತ್ರದ ಮುದ್ರೆ. ಈ ವ್ಯವಸ್ಥೆಯ ಒಳಗಿನಿಂದಲೇ ಬಂದವರು ಮುಂದೆ ಅದನ್ನು ಪ್ರಶ್ನಿಸಿದರು ಎಂಬುದನ್ನು ನಾವು ಗಮನಿಸಬೇಕು.

ಹೆಂಡತಿಯ ಜೊತೆ ಹೊಸ್ತಿಲು ದಾಟಿದ ದಿನ

ಕೆಲಕಾಲ ಬ್ಯಾಂಕ್ ಆಫ್ ಬೆಂಗಾಲ್‌ನಲ್ಲಿ ಗುಮಾಸ್ತರಾಗಿದ್ದ ಕೇಶವರು 1861ರಲ್ಲಿ ಆ ಕೆಲಸ ಬಿಟ್ಟು ಪೂರ್ಣವಾಗಿ ಸಮಾಜದ ಸೇವೆಗೆ ಇಳಿದರು. ದೇವೇಂದ್ರನಾಥರು ಈ ತರುಣನಲ್ಲಿ ಮಗನನ್ನೇ ಕಂಡರು. 1862ರ ಏಪ್ರಿಲ್ 13ರಂದು ಅವರನ್ನು ಆಚಾರ್ಯ ಪದವಿಗೆ ಏರಿಸಿ ಬ್ರಹ್ಮಾನಂದ ಎಂಬ ಬಿರುದು ಕೊಟ್ಟರು. ಬ್ರಾಹ್ಮಣನಲ್ಲದವನೊಬ್ಬ ಆ ಪೀಠ ಏರಿದ್ದು ಸಣ್ಣ ಮಾತಲ್ಲ.

ಆ ದಿನ ಅದಕ್ಕಿಂತ ದೊಡ್ಡ ಮಾತೊಂದು ನಡೆಯಿತು. ಕೇಶವರು ಹೆಂಡತಿಯನ್ನೂ ಸಮಾರಂಭಕ್ಕೆ ಕರೆದೊಯ್ಯಲು ನಿರ್ಧರಿಸಿದ್ದರು. ಠಾಕೂರರ ಮನೆ ಜಾತಿ ಕೆಟ್ಟ ಮನೆ ಎಂಬುದು ಸೇನ್ ಕುಟುಂಬದ ಎಣಿಕೆ. ಅಂತಃಪುರದ ಹೆಣ್ಣುಮಗಳು ಅಲ್ಲಿಗೆ ಹೋಗುವುದೆಂದರೆ ಊಹಿಸಲೂ ಆಗದ ಮಾತು. ಹಿರಿಯರು ಅಡ್ಡ ನಿಂತರು. ಜಗನ್ಮೋಹಿನಿ ಎದೆಗುಂದಲಿಲ್ಲ; ಗಂಡನ ಹಿಂದೆ ಹೊಸ್ತಿಲು ದಾಟಿದರು. ಅದರ ಫಲವಾಗಿ ಇಬ್ಬರಿಗೂ ಮನೆಯ ಬಾಗಿಲು ಮುಚ್ಚಿತು. ಕೆಲವು ಕಾಲ ದೇವೇಂದ್ರನಾಥರ ಆಸರೆಯಲ್ಲೇ ಇರಬೇಕಾಯಿತು.

ಹಿರಿಯರು ಕಟ್ಟಿಕೊಟ್ಟ ಮದುವೆ ಆ ದಿನ ಇಬ್ಬರ ಸ್ವಂತ ಮದುವೆಯಾಯಿತು ಎಂದು ನಮಗೆ ತೋರುತ್ತದೆ. ಇಬ್ಬರ ಒಪ್ಪಿಗೆಯೇ ಮದುವೆಯ ಜೀವ ಎಂದು ನಮ್ಮ ಧರ್ಮಸಭೆಯೂ ಕಲಿಸುತ್ತದೆ. ಕೇಶವರು ಅದನ್ನು ಯಾವ ಗುರುಮಠದಲ್ಲೂ ಕಲಿತವರಲ್ಲ, ಬದುಕಿನಲ್ಲಿ ಕಂಡುಕೊಂಡವರು.

ಹೊಸ ಮದುವೆಗೆ ಹೆಸರಿಲ್ಲ

ವಿಗ್ರಹಾರಾಧನೆ ಬಿಟ್ಟವರು ಮದುವೆಯನ್ನು ಹೇಗೆ ಮಾಡಬೇಕು? ಈ ಪ್ರಶ್ನೆಗೆ ದೇವೇಂದ್ರನಾಥರು 1861ರಲ್ಲಿ ತಮ್ಮ ಮಗಳ ಮದುವೆಯಲ್ಲಿ ಉತ್ತರ ಕೊಟ್ಟರು. ವಿಗ್ರಹವನ್ನು ಕೈಬಿಟ್ಟರು, ಪ್ರಾರ್ಥನೆಯನ್ನು ಸೇರಿಸಿದರು, ಹಳೆಯ ಪದ್ಧತಿಯಲ್ಲಿ ಉಳಿಸಬಹುದಾದಷ್ಟನ್ನು ಉಳಿಸಿಕೊಂಡರು. ಕೇಶವರ ಬಳಗದ ತರುಣರು ಇನ್ನೂ ಮುಂದೆ ಹೋದರು. 1864ರಲ್ಲಿ ಜಾತಿ ದಾಟಿದ ಮದುವೆ ಮಾಡಿಸಿದರು. ವಿಧವೆಯರ ಮರುಮದುವೆಗೂ ಬೆಂಬಲ ಕೊಟ್ಟರು. ಜಾತಿಯ ಮಾತಿನಲ್ಲಿ ಹಿರಿಯರಿಗೂ ಕಿರಿಯರಿಗೂ ಹೊಂದಾಣಿಕೆ ಆಗಲಿಲ್ಲ. 1866ರ ನವೆಂಬರಿನಲ್ಲಿ ಕೇಶವರು ಪ್ರತ್ಯೇಕವಾಗಿ ಭಾರತವರ್ಷೀಯ ಬ್ರಹ್ಮ ಸಮಾಜ ಕಟ್ಟಿದರು. ದೇವೇಂದ್ರನಾಥರ ಸಂಸ್ಥೆ ಆದಿ ಬ್ರಹ್ಮ ಸಮಾಜ ಎನಿಸಿಕೊಂಡಿತು.

ಅದೇ ವರ್ಷ ಕೇಶವರು ಯೇಸು ಕ್ರಿಸ್ತರ ಕುರಿತು ಕಲ್ಕತ್ತೆಯಲ್ಲಿ ಮಾಡಿದ ಭಾಷಣ ಊರಲ್ಲೆಲ್ಲ ಮಾತಾಯಿತು. ಕ್ರಿಸ್ತರು ಏಷ್ಯಾದವರು, ನಮ್ಮವರು ಎಂದು ಅವರು ಅದರಲ್ಲಿ ಸಾರಿದ್ದರು. ಅವರು ಕ್ರೈಸ್ತರಾಗುತ್ತಾರೆಂದು ಹಲವರು ಎಣಿಸಿದರು. ಅವರು ದೀಕ್ಷಾಸ್ನಾನ ಪಡೆಯಲಿಲ್ಲ. ಕ್ರಿಸ್ತಪ್ರೀತಿಯನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಇತ್ತ ಹೊಸ ಮದುವೆಗಳ ಸಂಖ್ಯೆ ಹೆಚ್ಚುತ್ತಿದ್ದಂತೆ ಒಂದು ಭಯವೂ ಹುಟ್ಟಿತು. ಆಗಿನ ಬ್ರಿಟಿಷ್ ಭಾರತದಲ್ಲಿ ಮದುವೆ ಆಯಾ ಧರ್ಮದ ಕಾನೂನಿಗೆ ಸೇರಿತ್ತು. ಹಿಂದೂಗಳಿಗೆ ಹಿಂದೂ ಶಾಸ್ತ್ರ, ಮುಸ್ಲಿಮರಿಗೆ ಮುಸ್ಲಿಂ ಕಾನೂನು, ಕ್ರೈಸ್ತರಿಗೂ ಪಾರ್ಸಿಗಳಿಗೂ ಬೇರೆ ಬೇರೆ ಕಾಯ್ದೆಗಳು. ಇವುಗಳಲ್ಲಿ ಯಾವುದಕ್ಕೂ ಸೇರದ ಮದುವೆಗೆ ಕಾನೂನಿನಲ್ಲಿ ಹೆಸರೇ ಇರಲಿಲ್ಲ. ಹೋಮ, ಸಪ್ತಪದಿ ಇಲ್ಲದ, ಜಾತಿ ದಾಟಿದ ಮದುವೆ ಊರ್ಜಿತವೇ ಎಂದು ಬ್ರಹ್ಮ ಸಮಾಜದವರು ಸರಕಾರದ ಅಡ್ವೊಕೇಟ್ ಜನರಲ್‌ರನ್ನು ಕೇಳಿದರು. ಊರ್ಜಿತವಲ್ಲ ಎಂಬ ಉತ್ತರ ಬಂತು.

ಇದರ ಅರ್ಥವೇನೆಂದು ನಾವು ಸ್ವಲ್ಪ ಯೋಚಿಸಬೇಕು. ದೇವರ ಮುಂದೆ, ನೂರು ಜನರ ಮುಂದೆ ಕೈಹಿಡಿದವಳು ಕಾನೂನಿನ ಕಣ್ಣಿನಲ್ಲಿ ಹೆಂಡತಿಯಲ್ಲ. ಗಂಡ ನಾಳೆ ಇನ್ನೊಬ್ಬಳನ್ನು ತಂದರೆ ತಡೆಯುವವರಿಲ್ಲ. ಗಂಡ ಸತ್ತರೆ ಅವನ ಅಣ್ಣತಮ್ಮಂದಿರು ಬಂದು ಅವಳನ್ನೂ ಮಕ್ಕಳನ್ನೂ ಬೀದಿಗೆ ತಳ್ಳಬಹುದು. ಪ್ರಾರ್ಥನೆ ಎಷ್ಟೇ ಪವಿತ್ರವಾಗಿದ್ದರೂ ನ್ಯಾಯಾಲಯದ ಮೆಟ್ಟಿಲಲ್ಲಿ ಅದಕ್ಕೆ ಬೆಲೆ ಇಲ್ಲ. ಪ್ರಾರ್ಥನೆಯಲ್ಲಿ ಅಷ್ಟು ನಂಬಿಕೆ ಇದ್ದ ಕೇಶವರು ಸರಕಾರದ ಬಾಗಿಲು ತಟ್ಟಲು ಕಾರಣ ಇದೇ.

ನಾಲ್ಕು ವರ್ಷಗಳ ಓಡಾಟ

1868ರಲ್ಲಿ ವೈಸರಾಯ್ ಲಾರೆನ್ಸ್ ಅವರ ಆಹ್ವಾನದ ಮೇರೆಗೆ ಕೇಶವರು ಶಿಮ್ಲಾಕ್ಕೆ ಹೋದರು. ಅಲ್ಲಿ ಸರಕಾರದ ಕಾನೂನು ಸದಸ್ಯ ಹೆನ್ರಿ ಮೇನ್ ಅವರೊಡನೆ ಮಾತುಕತೆ ನಡೆಯಿತು. ಅದೇ ವರ್ಷ ನವೆಂಬರಿನಲ್ಲಿ ಮೇನ್ ಒಂದು ಮಸೂದೆ ಮಂಡಿಸಿದರು. ತಮ್ಮ ಧರ್ಮದ ವಿಧಿಗಳನ್ನು ಒಪ್ಪದ ಯಾರೇ ಆಗಲಿ ಕಾನೂನಿನ ಪ್ರಕಾರ ಮದುವೆಯಾಗಬಹುದು ಎಂಬುದು ಅದರ ಸಾರ. ದೇಶದ ಮೂಲೆ ಮೂಲೆಗಳಿಂದ ವಿರೋಧ ಬಂತು. ಮನೆಯ ಮಕ್ಕಳು ಧರ್ಮದೊಳಗೇ ಇದ್ದುಕೊಂಡು ಧರ್ಮದ ನಿಯಮ ಮುರಿಯಲು ಇದು ದಾರಿ ಮಾಡುತ್ತದೆ ಎಂದು ಸಂಪ್ರದಾಯಸ್ಥರು ಹೆದರಿದರು. ಸರಕಾರ ಹಿಂದೆ ಸರಿಯಿತು.

1870ರಲ್ಲಿ ಕೇಶವರು ಇಂಗ್ಲೆಂಡಿಗೆ ಹೋಗಿ ಸುಮಾರು ಆರು ತಿಂಗಳು ಅಲ್ಲಿದ್ದರು. ಊರೂರಿನಲ್ಲಿ ಭಾಷಣ ಮಾಡಿದರು. ವಿಕ್ಟೋರಿಯಾ ರಾಣಿಯವರ ಭೇಟಿಯಾಯಿತು. ಪ್ರಧಾನಿ ಗ್ಲಾಡ್‌ಸ್ಟನ್, ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಮೊದಲಾದವರ ಸ್ನೇಹವಾಯಿತು. ಸಮುದ್ರ ದಾಟಿದ್ದರಿಂದ ಸಂಪ್ರದಾಯದವರ ಪಾಲಿಗೆ ಅವರು ಜಾತಿಭ್ರಷ್ಟರಾದರು. ಈ ಮಾತು ಮುಂದೆ ಬೇಕಾಗುತ್ತದೆ, ಓದುಗರು ನೆನಪಿನಲ್ಲಿಡಬೇಕು.

ಹಿಂತಿರುಗಿದ ಮೇಲೆ ಅವರು ಸಾಮಾನ್ಯ ಜನರಿಗಾಗಿ ಒಂದು ಪೈಸೆಯ ಪತ್ರಿಕೆ ಸುಲಭ ಸಮಾಚಾರ ಆರಂಭಿಸಿದರು, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕೈಹಾಕಿದರು. ಮದುವೆಯ ಮಸೂದೆಯನ್ನೂ ಮತ್ತೆ ಎತ್ತಿಕೊಂಡರು. ಹುಡುಗಿಯ ಮದುವೆಗೆ ಎಷ್ಟು ವಯಸ್ಸು ಆಗಿರಬೇಕು ಎಂಬ ಪ್ರಶ್ನೆ ಬಂದಾಗ ಅವರು ಪಂಡಿತರ ಬಳಿಗೆ ಹೋಗದೆ ವೈದ್ಯರಿಗೆ ಪತ್ರ ಬರೆದರು. 1871ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಸೇರಿದಂತೆ ಕಲ್ಕತ್ತೆಯ ಪ್ರಸಿದ್ಧ ಭಾರತೀಯ ಹಾಗೂ ಯುರೋಪಿಯನ್ ವೈದ್ಯರು ಅಭಿಪ್ರಾಯ ತಿಳಿಸಿದರು. ಬಹುಮಂದಿ ಹೇಳಿದ್ದು 16 ವರ್ಷ ಅಥವಾ ಅದಕ್ಕೂ ಮೇಲೆ ಎಂದು. ಸಮಾಜ ಸದ್ಯಕ್ಕೆ ತಾಳಬಲ್ಲ ಕನಿಷ್ಠ ಗಡಿಯಾಗಿ 14 ವರ್ಷವನ್ನು ಮಸೂದೆಯಲ್ಲಿ ಇಡಲಾಯಿತು. 1860ರ ದಂಡ ಸಂಹಿತೆ ಹೆಣ್ಣುಮಗುವಿನ ರಕ್ಷಣೆಗೆ ಹಾಕಿದ್ದ ಗಡಿ ಕೇವಲ ಹತ್ತು ವರ್ಷ ಎಂಬುದನ್ನು ನೆನೆದರೆ ಈ ಹೆಜ್ಜೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಮೇನ್ ಅವರ ಸ್ಥಾನಕ್ಕೆ ಬಂದಿದ್ದ ಫಿಟ್ಜ್‌ಜೇಮ್ಸ್ ಸ್ಟೀಫನ್ ಮಸೂದೆಯನ್ನು ಬ್ರಹ್ಮ ಸಮಾಜದವರಿಗೆ ಮಾತ್ರ ಸೀಮಿತಗೊಳಿಸಿದರು. ಆಗ ಆದಿ ಬ್ರಹ್ಮ ಸಮಾಜವೇ ತಿರುಗಿ ಬಿದ್ದಿತು. ನಾವು ಹಿಂದೂಗಳು, ನಮ್ಮ ಮದುವೆಗೆ ಸರಕಾರದ ಕಾನೂನು ಬೇಡ ಎಂದು ಅವರ ವಾದ. ಕೊನೆಗೆ ಸ್ಟೀಫನ್ ಬೇರೆ ದಾರಿ ಹಿಡಿದರು. 1872ರ ಮಾರ್ಚ್‌ನಲ್ಲಿ ಮೂರನೆಯ ಕಾಯ್ದೆಯಾಗಿ ವಿಶೇಷ ವಿವಾಹ ಕಾನೂನು ಜಾರಿಗೆ ಬಂತು.

ಕಾಯ್ದೆ ಕೊಟ್ಟದ್ದು, ಕಾಯ್ದೆ ಕೇಳಿದ್ದು

ಈ ಕಾಯ್ದೆ ಕೊಟ್ಟದ್ದು ಬಹಳ. ವರನಿಗೆ 18, ವಧುವಿಗೆ 14 ವರ್ಷ ತುಂಬಿರಬೇಕು. 21 ತುಂಬದವರಿಗೆ ತಂದೆ ಅಥವಾ ಪೋಷಕರ ಒಪ್ಪಿಗೆ ಬೇಕು. ಗಂಡನಿಗೆ ಬದುಕಿರುವ ಇನ್ನೊಬ್ಬ ಹೆಂಡತಿ ಇರಕೂಡದು. ರಿಜಿಸ್ಟ್ರಾರರಿಗೆ ಹದಿನಾಲ್ಕು ದಿನ ಮೊದಲು ತಿಳಿಸಬೇಕು. ಮೂವರು ಸಾಕ್ಷಿಗಳು ಬೇಕು. ಜಾತಿ ಬೇರೆಯಾದರೆ ಅಡ್ಡಿಯಿಲ್ಲ, ವಿಧವೆಯಾದರೆ ಅಡ್ಡಿಯಿಲ್ಲ.

ಇನ್ನೊಂದು ಮಾತೂ ಅದರಲ್ಲಿತ್ತು. ಮದುವೆಯ ವಿಧಿ ಯಾವುದೇ ಆಗಿರಲಿ. ವಧೂವರರು ಸಾಕ್ಷಿಗಳ ಮತ್ತು ರಿಜಿಸ್ಟ್ರಾರರ ಎದುರು ಪರಸ್ಪರರನ್ನು ಕಾನೂನುಬದ್ಧ ಪತಿ ಪತ್ನಿಯರಾಗಿ ಸ್ವೀಕರಿಸುವ ಮಾತನ್ನು ಆಡಿದರೆ ಸಾಕು. ಅಂದರೆ ಪ್ರಾರ್ಥನೆಯನ್ನು ಹೊರಗೆ ಹಾಕಿ ಎಂದು ಕಾನೂನು ಹೇಳಲಿಲ್ಲ. ಒಂದೇ ಚಪ್ಪರದಲ್ಲಿ ಪ್ರಾರ್ಥನೆಗೂ ಜಾಗ, ಸಹಿಗೂ ಜಾಗ.

ಆದರೆ ಅದು ಕೇಳಿದ ಬೆಲೆಯೂ ದೊಡ್ಡದು. ಈ ಕಾನೂನಿನಡಿ ಮದುವೆಯಾಗುವವರು ತಾವು ಕ್ರೈಸ್ತ, ಯೆಹೂದಿ, ಹಿಂದೂ, ಮುಸ್ಲಿಂ, ಪಾರ್ಸಿ, ಬೌದ್ಧ, ಸಿಖ್, ಜೈನ ಧರ್ಮಗಳಲ್ಲಿ ಯಾವುದನ್ನೂ ಅನುಸರಿಸುವವರಲ್ಲ ಎಂದು ಬರೆದುಕೊಡಬೇಕಿತ್ತು. ಮದುವೆಗೆ ಬಂದವರಿಂದ, ತಾವು ಏನು ಅಲ್ಲ ಎಂಬುದರ ಪಟ್ಟಿಗೆ ಸಹಿ ಹಾಕಿಸಿದ ಹಾಗಾಯಿತು. ದೇವರ ಹೆಸರು ಬಿಡದವರಿಗೆ ಇದು ಎಷ್ಟು ನೋವಿನ ಮಾತೆಂದು ಬೇರೆ ಹೇಳಬೇಕಿಲ್ಲ. ಸಮಾಜದ ಹಲವರು ಹಿಂಜರಿದರು. ಕೇಶವರು ಆ ಬೆಲೆ ತೆತ್ತಾದರೂ ಹೆಣ್ಣುಮಕ್ಕಳಿಗೆ ರಕ್ಷಣೆ ಬೇಕು ಎಂದು ನಿಂತರು.

ನಮ್ಮ ಇಗರ್ಜಿಗಳ ಮದುವೆಗೆ ದೇಶದ ಕಾನೂನಿನಲ್ಲಿ ಇಂದಿಗೂ ಆಧಾರವಾಗಿರುವ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಬಂದದ್ದೂ ಅದೇ 1872ರಲ್ಲಿ. ಎರಡೂ ಒಂದೇ ಕಾಲದ, ಒಂದೇ ಚಿಂತೆಯ ಕೂಸುಗಳು.

ನಮ್ಮ ಕರಾವಳಿಗೆ ಬಂದ ಅಲೆ

ಕಲ್ಕತ್ತೆಯ ಈ ಚಳವಳಿ ನಮ್ಮ ಮಂಗಳೂರನ್ನೂ ಮುಟ್ಟಿತ್ತು. ಉಳ್ಳಾಲ ರಘುನಾಥಯ್ಯನವರು, ಬಿಲ್ಲವ ಮುಖಂಡರಾದ ಅರಸಪ್ಪನವರು ಮೊದಲಾದವರ ಪ್ರಯತ್ನದಿಂದ 1870ರಲ್ಲಿ ಇಲ್ಲಿ ಬ್ರಹ್ಮ ಸಮಾಜ ಹುಟ್ಟಿತು. ಕೇಶವರ ಸಂಸ್ಥೆಯ ಪ್ರಚಾರಕರು ಬಂಗಾಳದಿಂದ ಇಲ್ಲಿಗೆ ಬಂದರು. ಮುಂದೆ ಈ ಸಮಾಜಕ್ಕೆ ಬೆನ್ನೆಲುಬಾದವರು ದಲಿತರ ಶಿಕ್ಷಣಕ್ಕಾಗಿ ಬಾಳು ಸವೆಸಿದ ಕುದ್ಮುಲ್ ರಂಗರಾಯರು. ಅವರ ಮಗಳು ರಾಧಾಬಾಯಿಯವರು 1912ರಲ್ಲಿ ಜಾತಿ, ಭಾಷೆ ಎರಡನ್ನೂ ದಾಟಿ ತಮಿಳುನಾಡಿನ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಆಗ ವಧುವಿಗೆ ಇಪ್ಪತ್ತು ವರ್ಷ ದಾಟಿತ್ತು. ಸುಬ್ಬರಾಯನ್ ಮುಂದೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿಯವರು ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆ ಎನಿಸಿದರು. ಕೇಶವರು ಬಿತ್ತಿದ ಬೀಜ ನಮ್ಮ ನೇತ್ರಾವತಿಯ ದಂಡೆಯಲ್ಲೂ ಫಲ ಕೊಟ್ಟಿದೆ.

ಕಾನೂನಿಲ್ಲದ ಊರಿನ ಮದುವೆ

ಇಷ್ಟರವರೆಗಿನ ಕಥೆ ಕೇಳಿದರೆ ಇದು ಗೆಲುವಿನ ಕಥೆ. ಆದರೆ ಕಾಯ್ದೆ ಬಂದು ಆರು ವರ್ಷವಾಗುವಾಗ ಕೇಶವರ ಸ್ವಂತ ಮನೆಗೇ ಪರೀಕ್ಷೆ ಬಂತು.

ಉತ್ತರ ಬಂಗಾಳದ ಕೂಚ್ ಬಿಹಾರ್ ಒಂದು ಸಂಸ್ಥಾನ. ಅದರ ರಾಜ ನೃಪೇಂದ್ರ ನಾರಾಯಣ ಇನ್ನೂ ಬಾಲಕ. ಬ್ರಿಟಿಷರ ಮೇಲ್ವಿಚಾರಣೆಯಲ್ಲಿ ಬೆಳೆಯುತ್ತಿದ್ದವನು. ಅವನನ್ನು ಇಂಗ್ಲೆಂಡಿಗೆ ಕಳುಹಿಸಬೇಕೆಂದು ಸರಕಾರದ ಇಚ್ಛೆ. ಮದುವೆಯಾಗದೆ ಸಮುದ್ರ ದಾಟಕೂಡದೆಂದು ಅರಮನೆಯ ಹೆಂಗಸರ ಹಠ. ಹಾಗಾದರೆ ವಿದ್ಯಾವಂತ ಮನೆಯ ಹುಡುಗಿಯನ್ನೇ ತರೋಣ ಎಂದು ಅಧಿಕಾರಿಗಳು ಕೇಶವರ ಹಿರಿಯ ಮಗಳು ಸುನೀತಿಯನ್ನು ಕೇಳಿದರು.

ಸುನೀತಿ ಹುಟ್ಟಿದ್ದು 1864ರ ಸೆಪ್ಟೆಂಬರಿನಲ್ಲಿ; ಹುಡುಗಿಗೆ ಇನ್ನೂ 14 ತುಂಬಿರಲಿಲ್ಲ. ರಾಜನಿಗೆ 15 ನಡೆಯುತ್ತಿತ್ತು. ಇಬ್ಬರೂ ಕೇಶವರೇ ಹೋರಾಡಿ ಹಾಕಿಸಿದ ಗಡಿಗಿಂತ ಕೆಳಗೆ. ಆದರೆ 1872ರ ಕಾಯ್ದೆ ಬ್ರಿಟಿಷ್ ಭಾರತಕ್ಕೆ ಸೇರಿದ್ದು, ಸಂಸ್ಥಾನದೊಳಗೆ ಅದು ನಡೆಯುವುದಿಲ್ಲ. ಕೇಶವರು ಕೆಲವು ಷರತ್ತು ಹಾಕಿದರು. ವಿಗ್ರಹಪೂಜೆ ಇರಕೂಡದು. ಇದು ನಿಶ್ಚಿತಾರ್ಥದಂತೆ ಇರಬೇಕು. ಇಬ್ಬರೂ ಪ್ರಾಯಕ್ಕೆ ಬರುವವರೆಗೆ ಬೇರೆ ಬೇರೆ ಇರಬೇಕು. ಅಧಿಕಾರಿಗಳು ಒಪ್ಪಿದರು. ಒಂದು ಸಂಸ್ಥಾನವೇ ಸುಧಾರಣೆಯ ದಾರಿಗೆ ಬರಬಹುದು ಎಂಬ ಆಸೆ ಕೇಶವರಿಗೆ. ತಾನು ಪ್ರಾರ್ಥನೆಯಲ್ಲಿ ಕುಳಿತು ಕೇಳಿದಾಗ ದೇವರ ಆದೇಶ ಸಿಕ್ಕಿತು ಎಂದು ಅವರು ನಂಬಿದರು.

1878ರ ಮಾರ್ಚ್ 6ರಂದು ಕೂಚ್ ಬಿಹಾರಿನಲ್ಲಿ ಮದುವೆ ನಡೆಯಿತು. ಹೆಣ್ಣಿನ ಕಡೆಯವರು ಅಲ್ಲಿ ತಲುಪಿದ ಮೇಲೆ ಅರಮನೆಯ ಹಿರಿಯ ಹೆಂಗಸರು ಮತ್ತು ಪುರೋಹಿತರು ಪಟ್ಟು ಹಿಡಿದರು. ರಾಜನ ಮದುವೆ ಹಿಂದೂ ವಿಧಿಯಂತೆಯೇ ಆಗಬೇಕು. ಸಮುದ್ರ ದಾಟಿ ಜಾತಿ ಕಳೆದುಕೊಂಡ ತಂದೆ ಕನ್ಯಾದಾನ ಮಾಡುವಂತಿಲ್ಲ. ಹಿಂದಿರುಗುವ ದಾರಿ ಆಗಲೇ ಮುಚ್ಚಿಹೋಗಿತ್ತು. ಕೊಟ್ಟ ಮಾತುಗಳು ಒಂದೊಂದಾಗಿ ಸಡಿಲವಾದವು. ಹೆಣ್ಣುಮಕ್ಕಳ ಮದುವೆಗೆ ದೇಶಕ್ಕೇ ಕಾನೂನು ತಂದ ತಂದೆ ತನ್ನ ಮಗಳ ಮದುವೆಯಲ್ಲಿ ಕೈಕಟ್ಟಿ ನಿಲ್ಲಬೇಕಾಯಿತು.

ಮಂದಿರಕ್ಕೆ ಬಂದ ಪೊಲೀಸರು

ಕಲ್ಕತ್ತೆಯಲ್ಲಿ ಬಿರುಗಾಳಿ ಎದ್ದಿತು. ಕೇಶವರ ಮಾತು ಕೇಳಿ ಮನೆ ಬಿಟ್ಟವರು, ಆಸ್ತಿ ಬಿಟ್ಟವರು, ತಮ್ಮ ಹೆಣ್ಣುಮಕ್ಕಳನ್ನು ಊರವರ ಬಾಯಿಗೆ ಅಂಜದೆ ಮದುವೆ ಮಾಡದೆ ಇಟ್ಟುಕೊಂಡವರು ಅನೇಕರಿದ್ದರು. ನಮಗೆ ಒಂದು ನಿಯಮ, ಗುರುವಿನ ಮನೆಗೆ ಬೇರೊಂದು ನಿಯಮವೇ ಎಂದು ಅವರು ಕೇಳಿದರು. ಕೇಶವರನ್ನು ಆಚಾರ್ಯ ಪೀಠದಿಂದ ಇಳಿಸಲು ಪ್ರಯತ್ನ ನಡೆಯಿತು. ಪ್ರಾರ್ಥನಾ ಮಂದಿರದಲ್ಲೇ ಗದ್ದಲವಾಗಿ ಪೊಲೀಸರು ಬರಬೇಕಾಯಿತು. ದೇವರ ಆದೇಶ ಎಂಬ ಅವರ ವಿವರಣೆ ವಿರೋಧಿಗಳನ್ನು ಇನ್ನಷ್ಟು ಕೆರಳಿಸಿತು.

1878ರ ಮೇ 15ರಂದು ಕಲ್ಕತ್ತೆಯ ಟೌನ್ ಹಾಲಿನಲ್ಲಿ ಸೇರಿದ ಸಭೆ ಸಾಧಾರಣ ಬ್ರಹ್ಮ ಸಮಾಜವನ್ನು ಸ್ಥಾಪಿಸಿತು. ಆನಂದಮೋಹನ ಬೋಸ್, ಶಿವನಾಥ ಶಾಸ್ತ್ರಿ ಅದರ ಮುಂದಾಳುಗಳು. ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಲಿಖಿತ ನಿಯಮಾವಳಿ ರಚಿಸಿದ್ದು. ಒಬ್ಬ ನಾಯಕನ ಅಂತರಂಗದ ದನಿಗೆ ಎಲ್ಲವನ್ನೂ ಒಪ್ಪಿಸಬಾರದು, ನಿಯಮವೇ ಎಲ್ಲರ ಮೇಲೆ ಇರಬೇಕು ಎಂಬುದು ಅವರು ಕಲಿತ ಪಾಠ.

ಕೇಶವರಿಗೆ ಬೆಂಬಲವಾಗಿ ನಿಂತವರೂ ಇದ್ದರು. ದೂರದ ಮ್ಯಾಕ್ಸ್ ಮುಲ್ಲರ್ ಸಹ ಅವರ ಪರವಾಗಿ ಬರೆದರು. ಕೇಶವರು ಕುಗ್ಗಿ ಕೂರಲಿಲ್ಲ. 1879ರಲ್ಲಿ ಕ್ರಿಸ್ತರು ಯಾರು ಎಂದು ಭಾರತ ಕೇಳುತ್ತಿದೆ ಎಂಬ ವಿಷಯವಾಗಿ ಪ್ರಸಿದ್ಧ ಉಪನ್ಯಾಸ ಕೊಟ್ಟರು. 1880ರಲ್ಲಿ ಎಲ್ಲ ಧರ್ಮಗಳ ಸಾರವನ್ನು ಒಂದುಗೂಡಿಸುವ ನವ ವಿಧಾನವನ್ನು ಸಾರಿದರು. ಕೊನೆಯ ದಿನಗಳಲ್ಲಿ ಅವರು ಬರೆದ ನವ ಸಂಹಿತೆಯಲ್ಲಿ ಗೃಹಸ್ಥರ ನಿತ್ಯ ಜೀವನದ ನಿಯಮಗಳ ಜೊತೆಗೆ ಮದುವೆಯ ವಿಧಿಯೂ ಸೇರಿದೆ. ಮಧುಮೇಹದಿಂದ ಬಳಲಿ 1884ರ ಜನವರಿ 8ರಂದು ಕಲ್ಕತ್ತೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ 45 ವರ್ಷ.

ಅವರ ಬಳಗದಲ್ಲಿದ್ದ ಭವಾನಿಚರಣ ಬ್ಯಾನರ್ಜಿ ಎಂಬ ತರುಣರು 1891ರಲ್ಲಿ ಕ್ಯಾಥೊಲಿಕ್ ಧರ್ಮಸಭೆ ಸೇರಿದರು. ಬ್ರಹ್ಮಬಾಂಧವ ಉಪಾಧ್ಯಾಯ ಎಂದು ನಮ್ಮ ಗುರುಮಠಗಳಲ್ಲಿ ಇಂದಿಗೂ ಓದುವ ಹೆಸರು ಅವರದೇ.

ಆಮೇಲೆ ಏನಾಯಿತು?

ಸುನೀತಿದೇವಿಯ ಬಾಳು ಹಾಳಾಗಲಿಲ್ಲ ಎಂಬುದನ್ನು ನಾವು ನ್ಯಾಯವಾಗಿ ಹೇಳಬೇಕು. ಮದುವೆಯ ನಂತರ ರಾಜ ಇಂಗ್ಲೆಂಡಿಗೆ ಹೋದರು. ಸುನೀತಿ ತವರಿನಲ್ಲೇ ಉಳಿದರು. ಪ್ರಾಯಕ್ಕೆ ಬಂದ ಮೇಲೆಯೇ ಸಂಸಾರ ಹೂಡಿದರು. ಸುನೀತಿ ಹೆಣ್ಣುಮಕ್ಕಳ ಶಾಲೆಗೆ ಬೆಂಬಲವಾದರು. 1921ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಪ್ರಕಟಿಸಿ, ಅದರಲ್ಲಿ ತಂದೆಯನ್ನು ಪ್ರೀತಿಯಿಂದ ಸಮರ್ಥಿಸಿಕೊಂಡರು. 1932ರಲ್ಲಿ ತೀರಿಕೊಂಡರು. ಜೈಪುರದ ಮಹಾರಾಣಿ ಗಾಯತ್ರಿದೇವಿ ಅವರ ಮೊಮ್ಮಗಳು.

ಮಗಳು ಕ್ಷೇಮವಾಗಿದ್ದಳು ಎಂದ ಮೇಲೆ ತಪ್ಪೇನು ಎಂದು ಕೆಲವರು ಕೇಳಬಹುದು. ಆದರೆ ಅದು ಹುಡುಗ ಒಳ್ಳೆಯವನಾದ್ದರಿಂದ ಬಂದ ಕ್ಷೇಮ. ಹುಡುಗ ಒಳ್ಳೆಯವನಲ್ಲದಿದ್ದರೆ? ಕಾನೂನು ಇರುವುದು ಆ ಪ್ರಶ್ನೆಗಾಗಿಯೇ. ಇದನ್ನು ಕೇಶವರಿಗಿಂತ ಚೆನ್ನಾಗಿ ಬಲ್ಲವರು ಆ ಕಾಲದಲ್ಲಿ ವಿರಳ.

ಕಾನೂನಿನ ಕಥೆಯೂ ಮುಂದುವರಿಯಿತು. ಧರ್ಮ ಬಿಟ್ಟೆನೆಂದು ಬರೆದುಕೊಡಬೇಕಾದ ಷರತ್ತಿನಿಂದ ಹಿಂದೂ, ಬೌದ್ಧ, ಸಿಖ್, ಜೈನರಿಗೆ ಬಿಡುಗಡೆ ಸಿಕ್ಕಿದ್ದು 1923ರಲ್ಲಿ, ಅಂದರೆ 51 ವರ್ಷಗಳ ಬಳಿಕ. ಎಲ್ಲ ಧರ್ಮದವರಿಗೂ ಸಿಕ್ಕಿದ್ದು 1954ರ ವಿಶೇಷ ವಿವಾಹ ಕಾಯ್ದೆ ಬಂದಾಗ. 1929ರ ಶಾರದಾ ಕಾಯ್ದೆ ಇಡೀ ಬ್ರಿಟಿಷ್ ಭಾರತಕ್ಕೆ ಹಾಕಿದ ಗಡಿ ಹುಡುಗಿಗೆ 14, ಹುಡುಗನಿಗೆ 18. ಕೇಶವರ ಕಾಲದ ಅದೇ ಅಂಕಿಗಳು. ಇದು 18 ಮತ್ತು 21ಕ್ಕೆ ಏರಿದ್ದು 1978ರಲ್ಲಿ, ಕೂಚ್ ಬಿಹಾರಿನ ಮದುವೆಗೆ ಸರಿಯಾಗಿ ನೂರು ವರ್ಷ ತುಂಬಿದಾಗ.

ನಮಗೇನು ಪಾಠ?

ಮದುವೆ ಧರ್ಮಕ್ಕೆ ಸೇರಿದ್ದೋ ಕಾನೂನಿಗೆ ಸೇರಿದ್ದೋ ಎಂದು ಕೇಶವರನ್ನು ಕೇಳಿದ್ದರೆ, ಎರಡಕ್ಕೂ ಎಂದು ಅವರು ಹೇಳುತ್ತಿದ್ದರೆಂದು ನಮಗೆ ಅನಿಸುತ್ತದೆ. ಅವರ ಬದುಕು ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತದೆ. ಧರ್ಮ ಮದುವೆಗೆ ಅರ್ಥ ಕೊಡುತ್ತದೆ, ಪ್ರೀತಿ ಬತ್ತಿದಾಗ ತಾಳುವ ಶಕ್ತಿ ಕೊಡುತ್ತದೆ. ಅದನ್ನು ಯಾವ ಕಚೇರಿಯೂ ಕೊಡಲಾರದು. ಆದರೆ ಪ್ರಾರ್ಥನೆ ಮಾಡುವ ಒಳ್ಳೆಯ ಮನುಷ್ಯನೂ ತನ್ನ ಮನೆಯ ಮಾತು ಬಂದಾಗ ಎಡವಬಹುದು. ತನ್ನ ಆಸೆಯ ದನಿ ಯಾವುದು, ದೇವರ ದನಿ ಯಾವುದು ಎಂದು ಬೇರ್ಪಡಿಸುವುದು ಅಂಥ ಹೊತ್ತಿನಲ್ಲಿ ಬಲು ಕಷ್ಟ. ಆಗ ಬಾಯಿ ಇಲ್ಲದ ಒಂದು ಮಗುವಿನ ಪರವಾಗಿ ಹೊರಗಿನಿಂದ ಬೇಡ ಎನ್ನುವ ಒಂದು ಗೆರೆ ಬೇಕು. ಆ ಗೆರೆಯೇ ಕಾನೂನು. ಕೇಶವರ ಮಗಳಿಗೆ ಕೂಚ್ ಬಿಹಾರಿನಲ್ಲಿ ಅದು ಇರಲಿಲ್ಲ.

ಕಾನೂನಿಗೂ ಪಾಠವಿದೆ. ಮದುವೆಯಾಗಬೇಕಾದರೆ ನಿನ್ನ ದೇವರನ್ನು ಬಾಗಿಲ ಹೊರಗೆ ಬಿಟ್ಟು ಬಾ ಎಂದು ಕೇಳುವ ಹಕ್ಕು ಅದಕ್ಕಿಲ್ಲ. ಹಾಗೆ ಕೇಳಿದ್ದರಿಂದಲೇ 1872ರ ಕಾಯ್ದೆ ಎಷ್ಟೋ ಮಂದಿಗೆ ಉಪಯೋಗಕ್ಕೆ ಬಾರದೆ ಹೋಯಿತು.

ನಮ್ಮ ಧರ್ಮಸಭೆಗೆ ಇದು ಹೊಸ ಮಾತಲ್ಲ. ಗುಟ್ಟಿನ ಮದುವೆಗಳಿಂದ ಹೆಣ್ಣುಮಕ್ಕಳು ಮೋಸಹೋಗುವುದನ್ನು ಕಂಡೇ 1563ರಲ್ಲಿ ಟ್ರೆಂಟ್ ಮಹಾಸಭೆ ಧರ್ಮಗುರು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಎದುರು ಮದುವೆ ಆಗಬೇಕು, ಮೊದಲೇ ಇಗರ್ಜಿಯಲ್ಲಿ ಪ್ರಕಟಣೆ ಹೊರಡಿಸಬೇಕು, ದಾಖಲೆ ಪುಸ್ತಕದಲ್ಲಿ ಬರೆಯಬೇಕು ಎಂದು ಗೊತ್ತುಮಾಡಿತು. ಸಂಸ್ಕಾರಕ್ಕೂ ಸಾಕ್ಷಿ ಬೇಕು ಎಂದು ನಮ್ಮ ಹಿರಿಯರು ಅಂದೇ ಅರಿತಿದ್ದರು.

ಇಂದು ನಮ್ಮ ಕುಟುಂಬಗಳಲ್ಲೂ ಈ ಗೆರೆ ತಿಳಿಯದೆ ಕಷ್ಟಕ್ಕೆ ಸಿಕ್ಕವರಿದ್ದಾರೆ. ಧರ್ಮಸಭೆಯ ನ್ಯಾಯಪೀಠ ಮದುವೆಯನ್ನು ಅಸಿಂಧು ಎಂದು ಘೋಷಿಸಿದರೆ ಸಾಕು, ಇನ್ನೊಂದು ಮದುವೆಯಾಗಬಹುದು ಎಂದು ತಿಳಿಯುವವರುಂಟು. ಸುಪ್ರೀಂ ಕೋರ್ಟು 1996ರಲ್ಲೇ ಇದು ಸಾಲದು ಎಂದು ತೀರ್ಪು ಕೊಟ್ಟಿದೆ. ಧರ್ಮಸಭೆಯ ಆ ತೀರ್ಪಿಗೆ ಕಾನೂನಿನ ಮಾನ್ಯತೆ ಬೇಕೆಂದು ನಮ್ಮ ದಕ್ಷಿಣ ಕನ್ನಡದ ಕ್ಯಾಥೊಲಿಕ್ ಮುಖಂಡರೊಬ್ಬರು ಸಲ್ಲಿಸಿದ್ದ ಅರ್ಜಿಯನ್ನೂ ಅದೇ ನ್ಯಾಯಾಲಯ 2017ರ ಜನವರಿಯಲ್ಲಿ ತಳ್ಳಿಹಾಕಿತು. ಹಾಗಾಗಿ ಇಂಥ ಸಂದರ್ಭದಲ್ಲಿ ಎರಡೂ ಬಾಗಿಲು ತಟ್ಟಬೇಕು. ಒಂದು ಮನಃಸಾಕ್ಷಿಗಾಗಿ; ಇನ್ನೊಂದು, ಮುಂದೆ ಕೈಹಿಡಿಯುವವಳು ಮತ್ತು ಅವಳಿಗೆ ಹುಟ್ಟುವ ಮಕ್ಕಳು ಅತಂತ್ರರಾಗದಿರಲಿ ಎಂದು.

ಕೇಶವಚಂದ್ರರನ್ನು ಸಂತರೆಂದು ಪೂಜಿಸುವುದೂ ಬೇಡ, ಕಪಟಿಯೆಂದು ಹಳಿಯುವುದೂ ಬೇಡ. ಮದುವೆಯಲ್ಲಿ ಅತ್ಯಂತ ದುರ್ಬಲರು ಯಾರೋ ಅವರನ್ನು ಮೊದಲು ನೋಡಬೇಕೆಂದು ದೇಶಕ್ಕೆ ಕಲಿಸಿದವರು ಅವರು. ಒಮ್ಮೆ ಅದನ್ನು ಅವರೇ ಮರೆತರು. ನಮ್ಮ ಮಕ್ಕಳ ಮದುವೆಯ ಮಾತು ಮನೆಯಲ್ಲಿ ಎದ್ದಾಗ ಮನೆತನ, ಆಸ್ತಿ, ವಿದೇಶದ ಕೆಲಸ ಇವೆಲ್ಲ ಮಾತಿಗೆ ಬರುತ್ತವೆ. ಹುಡುಗಿಗೆ ನಿಜವಾಗಿ ಒಪ್ಪಿಗೆ ಇದೆಯೇ, ನಾಳೆ ಅವಳಿಗೆ ಆಧಾರ ಏನು ಎಂಬ ಎರಡು ಪ್ರಶ್ನೆಗಳನ್ನು ಅಂದು ಯಾರಾದರೂ ಗಟ್ಟಿಯಾಗಿ ಕೇಳಲಿ. ಪ್ರಾರ್ಥನೆ ಆಮೇಲೆ ಇನ್ನಷ್ಟು ನೆಮ್ಮದಿಯಿಂದ ಮಾಡಬಹುದು.